ಗಲ್ಲು ಬಸ್ ನಿಲ್ದಾಣದಲ್ಲೇ ಆದರೆ ತಪ್ಪೇನು?

ಪ್ರಶ್ನೆ: ನಾನು ಕುಮಟಾದವನು, ಸಣ್ಣ ವ್ಯಾಪಾರ ಮಾಡಿಕೊಂಡಿದ್ದೇನೆ. ಒಂಬತ್ತನೆಯ ತರಗತಿಯಲ್ಲಿರುವ ಮಗ ಗೆಳೆಯರ ಜೊತೆ ಕುಳಿತು, ಯಾವುದೋ ದೇಶದ ನಡುಬೀದಿಯಲ್ಲಿ ಕ್ರೇನಿಗೆ ಮನುಷ್ಯರನ್ನು ನೇಣು ಹಾಕುವ ವಿಡಿಯೋ ನೋಡುತ್ತಿದ್ದ. ಬೈದೆ. 'ಅವರು ಅತ್ಯಾಚಾರಿಗಳಂತೆ ಅಪ್ಪ, ನಮ್ಮಲ್ಲೂ ಹೀಗೇ ಮಾಡಬೇಕು' ಎಂದ. ಒಳಗೊಳಗೆ ನನಗೂ ಹಾಗೆಯೇ ಅನ್ನಿಸುತ್ತದೆ. ಮಕ್ಕಳ ಮೇಲೆ ಕೈ ಮಾಡಿದವರನ್ನು ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಗಲ್ಲಿಗೇರಿಸಿದರೆ ಉಳಿದವರು ಹೆದರುವುದಿಲ್ಲವೇ? ಕೀಚಕವಧೆಗೆ ಶಿಳ್ಳೆ ಹೊಡೆಯುವ ಊರಿನವರು ನಾವು, ಇದಕ್ಕೆ ಮಾತ್ರ ಏಕೆ ಮೂಗು ಮುರಿಯಬೇಕು? ಹಾಗಾದರೆ ಮಗನಿಗೆ ಬೈದದ್ದೇಕೆ ಎಂದು ನನಗೇ ತಿಳಿಯುತ್ತಿಲ್ಲ.

ಉತ್ತರ: ಬೈದದ್ದು ಸರಿಯಾಗಿಯೇ ಇದೆ. ಏಕೆ ಸರಿ ಎನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು. ನಾನು ಕಾರವಾರ, ಶಿರಸಿಗಳ ಸೆಷನ್ಸ್ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ವಕೀಲಿಕೆ ಮಾಡಿದವನು. ಆರೋಪಿಯ ಪರ ನಿಂತಿದ್ದೇನೆ, ಸರ್ಕಾರದ ಪರವೂ ನಿಂತಿದ್ದೇನೆ. ಗಲ್ಲು ಶಿಕ್ಷೆ ಇರಬಾರದು ಎನ್ನುವವರ ಪೈಕಿ ನಾನೊಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಮುಚ್ಚಿಟ್ಟು ನಿಮ್ಮನ್ನು ಬಲೆಗೆ ಕೆಡವುವ ಉದ್ದೇಶವಿಲ್ಲ.

ಕಾನೂನಿನ ಮಾತು ಬೇಗ ಮುಗಿಯುತ್ತದೆ. ನೀವು ಕೇಳಿದ್ದನ್ನು ಈ ದೇಶದ ಒಂದು ಹೈಕೋರ್ಟ್ ನಿಜವಾಗಿಯೂ ಆದೇಶಿಸಿತ್ತು. 1985ರಲ್ಲಿ ವರದಕ್ಷಿಣೆ ಸಾವಿನ ಪ್ರಕರಣವೊಂದರಲ್ಲಿ ರಾಜಸ್ಥಾನ ಹೈಕೋರ್ಟ್, ಅಪರಾಧಿಯನ್ನು ಜೈಪುರದ ಸ್ಟೇಡಿಯಂ ಮೈದಾನದಲ್ಲೋ ರಾಮಲೀಲಾ ಮೈದಾನದಲ್ಲೋ ಸಾರ್ವಜನಿಕವಾಗಿ, ಮೊದಲೇ ಪ್ರಚಾರ ಕೊಟ್ಟು ನೇಣಿಗೇರಿಸಬೇಕು ಎಂದಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಅಪರಾಧ ಎಷ್ಟೇ ಬರ್ಬರವಾಗಿರಲಿ, ಅದಕ್ಕೆ ಬಹಿರಂಗ ನೇಣಿನಂಥ ಬರ್ಬರ ಶಿಕ್ಷೆ ಸಲ್ಲದು, ಅದು ಬದುಕುವ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಗೆ ವಿರುದ್ಧ, ಜೈಲಿನ ನಿಯಮಗಳಲ್ಲಿ ಅವಕಾಶವಿದ್ದರೂ ಮಾಡುವಂತಿಲ್ಲ ಎಂದಿತು. ಕಾನೂನಿನ ಮಟ್ಟಿಗೆ ನಿಮ್ಮ ಬಸ್ ನಿಲ್ದಾಣದ ಚರ್ಚೆ ಅಲ್ಲಿಗೆ ಮುಗಿಯಿತು.

ಆದರೆ ಆ ತೀರ್ಪು ಓದಿದಾಗಲೆಲ್ಲ ನನ್ನಲ್ಲಿ ಒಂದು ತಕರಾರು ಏಳುತ್ತದೆ. ಎರಡೇ ವರ್ಷ ಮೊದಲು, 1983ರಲ್ಲಿ, ಇದೇ ಸುಪ್ರೀಂ ಕೋರ್ಟ್ ಹಗ್ಗದಿಂದ ನೇಣು ಹಾಕುವ ವಿಧಾನ ಸಂವಿಧಾನಬದ್ಧ ಎಂದಿತ್ತು. ಅದೇ ಹಗ್ಗ, ಅದೇ ಕುತ್ತಿಗೆ, ಅದೇ ಬೀಳು. ಗೋಡೆಯ ಒಳಗಾದರೆ ನ್ಯಾಯ, ಹೊರಗಾದರೆ ಬರ್ಬರ. ಸಾಯುವವನಿಗೆ ಇದರಿಂದ ಆಗುವ ವ್ಯತ್ಯಾಸ ಅಷ್ಟರಲ್ಲೇ ಇದೆ. ವ್ಯತ್ಯಾಸ ಆಗುವುದು ನಮಗೆ, ನೋಡುವವರಿಗೆ. ನೋಡಿದರೆ ನಾವು ಕೆಡುತ್ತೇವೆ ಎಂಬ ಕಾರಣಕ್ಕೇ ಗೋಡೆ ಎದ್ದದ್ದು. ನೋಡಿದರೆ ಮನುಷ್ಯ ಕೆಡುವಂಥ ಕೆಲಸವನ್ನು ಅವನ ಹೆಸರಿನಲ್ಲಿ, ಅವನ ತೆರಿಗೆಯಲ್ಲಿ, ಅವನಿಗೆ ಕಾಣದ ಹಾಗೆ ಮಾಡಬಹುದೇ? ನಿಮ್ಮ ಪತ್ರಕ್ಕೆ ನಾನು ಉತ್ತರ ಹುಡುಕುವುದು ಈ ಜಾಗದಲ್ಲಿ.

ಗೋಡೆಯ ಕಥೆ ಇಂಗ್ಲೆಂಡಿನದು, ನಮಗೆ ಗಲ್ಲಿನ ಕಾನೂನು ಬಂದದ್ದೂ ಅಲ್ಲಿಂದಲೇ. ಲಂಡನ್ನಿನ ಟೈಬರ್ನ್ ಎಂಬಲ್ಲಿ ಶತಮಾನಗಳ ಕಾಲ ನೇಣು ಎಂದರೆ ಜಾತ್ರೆ. ಕೈದಿಯನ್ನು ಗಾಡಿಯಲ್ಲಿ ಮೆರವಣಿಗೆ ತರುತ್ತಿದ್ದರು, ಹಣವಿದ್ದವರಿಗೆ ಅಟ್ಟಣಿಗೆಯ ಮೇಲೆ ಜಾಗ, ಕೈದಿಯ 'ಕೊನೆಯ ಮಾತು' ಎಂದು ಅಚ್ಚಾದ ಹಾಳೆಗಳ ಮಾರಾಟ. 1808ರವರೆಗೆ ಅಲ್ಲಿ ಜೇಬುಗಳ್ಳತನಕ್ಕೂ ಗಲ್ಲು ಇತ್ತು. ಹಾಗಿದ್ದೂ ಜೇಬುಗಳ್ಳರಿಗೆ ಒಳ್ಳೆಯ ಸುಗ್ಗಿ ಸಿಗುತ್ತಿದ್ದುದು ಈ ನೇಣಿನ ಗುಂಪುಗಳಲ್ಲೇ. ಎಲ್ಲರ ಕಣ್ಣೂ ಮೇಲಿರುವಾಗ ಕೆಳಗೆ ಕೈಚಳಕ ಸುಲಭ. 'ಉಳಿದವರು ಹೆದರುವುದಿಲ್ಲವೇ' ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

1849ರಲ್ಲಿ ಕೊಲೆಗಾರ ಗಂಡಹೆಂಡಿರನ್ನು ಒಟ್ಟಿಗೆ ನೇಣಿಗೇರಿಸುವುದನ್ನು ನೋಡಿ ಬಂದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದ. ಅವನಿಗೆ ಅಸಹ್ಯ ತಂದದ್ದು ಹಗ್ಗಕ್ಕಿಂತ ಹೆಚ್ಚಾಗಿ ನೆರೆದ ಜನರ ನಗು, ಕೂಗಾಟ, ಕುಡಿತ. ಆ ಪತ್ರದಲ್ಲಿ ಅವನು ಗಲ್ಲನ್ನು ರದ್ದು ಮಾಡಿ ಎನ್ನಲಿಲ್ಲ, ಜೈಲಿನ ಗೋಡೆಯೊಳಗೆ ಮಾಡಿ ಎಂದ. 1868ರಲ್ಲಿ ಬ್ರಿಟಿಷ್ ಸಂಸತ್ತು ಹಾಗೆಯೇ ಮಾಡಿತು. ಫ್ರಾನ್ಸ್ ಇನ್ನೂ ತಡ. 1939ರ ಜೂನ್‌ನಲ್ಲಿ ವರ್ಸೈ ಪಟ್ಟಣದಲ್ಲಿ ಒಬ್ಬ ಕೊಲೆಗಾರನನ್ನು ಜೈಲಿನ ಹೊರಗಿನ ಬೀದಿಯಲ್ಲಿ ಗಿಲೊಟಿನ್‌ಗೆ ಕೊಟ್ಟಾಗ ಜನರ ವರ್ತನೆ ಎಷ್ಟು ಕೆಟ್ಟದಾಗಿತ್ತೆಂದರೆ, ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಸರ್ಕಾರ ಬಹಿರಂಗ ಶಿಕ್ಷೆಯನ್ನು ತಕ್ಷಣವೇ ನಿಲ್ಲಿಸಿತು. ಗೋಡೆಯೊಳಗೆ ಹೋದ ಗಲ್ಲು ಎರಡೂ ದೇಶಗಳಲ್ಲಿ ಕೊನೆಗೆ ಇಲ್ಲವಾಯಿತು. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು 1960ರ ದಶಕದಲ್ಲಿ, ಫ್ರಾನ್ಸಿನಲ್ಲಿ 1981ರಲ್ಲಿ. ಮರೆ ಮಾಡಿದ್ದನ್ನು ಬಹಳ ಕಾಲ ಸಮರ್ಥಿಸಿಕೊಳ್ಳುವುದು ಅವರಿಗೂ ಕಷ್ಟವಾಯಿತೆಂದು ಕಾಣುತ್ತದೆ.

ನಮ್ಮ ನೆಲದಲ್ಲಿ ಬ್ರಿಟಿಷರು ಬಯಲಿನಲ್ಲಿ ಹಾಕಿದ ನೇಣು ಏನು ಮಾಡಿತು? ಹಳಿಯಾಳದ ಆಚೆ, ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಆಲದ ಮರಕ್ಕೆ ನೇಣು ಹಾಕಿದರು. ಜನ ಹೆದರಲಿ ಎಂಬುದೇ ಉದ್ದೇಶ. ಇಂದು ಅಲ್ಲಿಗೆ ಜನ ಹರಕೆ ಹೊತ್ತು ಹೋಗುತ್ತಾರೆ, ಗೀಗೀ ಪದಗಳಲ್ಲಿ ಅವನನ್ನು ಹಾಡುತ್ತಾರೆ. 1857ರ ಹಲಗಲಿಯ ಬೇಡರನ್ನೂ ಹಾಗೆಯೇ ಬಹಿರಂಗವಾಗಿ ಗಲ್ಲಿಗೇರಿಸಿದರು. ಉಳಿದದ್ದು ಲಾವಣಿ, ಅದನ್ನು ಸಂಗ್ರಹಿಸಿದವನೂ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ರಾಯಣ್ಣನನ್ನೂ ಅತ್ಯಾಚಾರಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಾ ಎಂದು ಸಿಟ್ಟಾಗಬೇಡಿ. ಬಯಲಿನ ನೇಣಿನಿಂದ ಜನ ಯಾವ ಪಾಠ ಕಲಿಯುತ್ತಾರೆ ಎಂಬುದನ್ನು ನೇಣು ಹಾಕುವವರು ನಿರ್ಧರಿಸಲಾರರು, ಅಷ್ಟೇ ನನ್ನ ಮಾತು.

ಈಗ ನಮ್ಮ ಕಾಲದ ಗೋಡೆಯೊಳಗೆ ಹೋಗೋಣ. ಉತ್ತರ ಕನ್ನಡದ ಯಾವುದಾದರೂ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿದರೆ ಅದು ತಾನಾಗಿ ಜಾರಿಯಾಗುವುದಿಲ್ಲ. ಕಡತ ಧಾರವಾಡದ ಹೈಕೋರ್ಟ್ ಪೀಠಕ್ಕೆ ದೃಢೀಕರಣಕ್ಕೆ ಹೋಗಬೇಕು, ಅಲ್ಲಿಂದ ಸುಪ್ರೀಂ ಕೋರ್ಟ್, ಮರುಪರಿಶೀಲನೆ, ರಾಜ್ಯಪಾಲರು, ರಾಷ್ಟ್ರಪತಿ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಉಳಿಯುವುದು ಬೆಳಗಾವಿಯ ಹಿಂಡಲಗಾ ಜೈಲು, ಗಲ್ಲುಗಂಬವಿರುವ ಜೈಲು ಅದು. ಗಲ್ಲಿಗೆ ಮೊದಲು ಕೈದಿಯ ತೂಕ ನೋಡುತ್ತಾರೆ, ಏಕೆಂದರೆ ಹಗ್ಗದ ಉದ್ದ ತೂಕದ ಲೆಕ್ಕದ ಮೇಲೆ ನಿಂತಿದೆ. ಉದ್ದ ಹೆಚ್ಚಾದರೆ ರುಂಡ ಹರಿಯಬಹುದು, ಕಡಿಮೆಯಾದರೆ ಕುತ್ತಿಗೆಯ ಮೂಳೆ ಮುರಿಯದೆ ಉಸಿರು ಕಟ್ಟಿ ನಿಧಾನವಾಗಿ ಸಾಯುತ್ತಾನೆ. ಅದಕ್ಕಾಗಿ ಅವನಿಗಿಂತ ಹೆಚ್ಚು ಭಾರದ ಮರಳಿನ ಚೀಲ ಕಟ್ಟಿ ಮೊದಲು ಬೀಳಿಸಿ ನೋಡುತ್ತಾರೆ. ಹಗ್ಗ ಬರುವುದು ಹೆಚ್ಚಾಗಿ ಬಿಹಾರದ ಬಕ್ಸರ್ ಜೈಲಿನಿಂದ, ಅದನ್ನು ಹೊಸೆಯುವವರೂ ಕೈದಿಗಳೇ. ನೇಣು ಹಾಕುವವನು ಎಲ್ಲೆಡೆ ಸಿಗುವುದಿಲ್ಲ. 2020ರಲ್ಲಿ ದೆಹಲಿಯ ತಿಹಾರ್ ಜೈಲಿಗೆ ಮೀರತ್‌ನಿಂದ ಕರೆಸಬೇಕಾಯಿತು. ಆ ಲೆಕ್ಕ ಹಾಕುವ ಗುಮಾಸ್ತ, ತೂಕದ ಯಂತ್ರದ ಬಳಿ ನಿಲ್ಲುವ ವಾರ್ಡರ್, ನಾಡಿ ನೋಡಲು ಕಾದು ನಿಲ್ಲುವ ಸರ್ಕಾರಿ ವೈದ್ಯ, ಇವರೆಲ್ಲ ಸಂಬಳಕ್ಕೆ ದುಡಿಯುವ ನಮ್ಮಂಥವರೇ. 'ಗಲ್ಲಿಗೇರಿಸಿ' ಎಂದು ಕೂಗುವಾಗ ಇವರು ನಮ್ಮ ಲೆಕ್ಕದಲ್ಲಿರುವುದಿಲ್ಲ.

ಹಿಂಡಲಗಾದಲ್ಲಿ ವೀರಪ್ಪನ್ನನ ನಾಲ್ವರು ಸಹಚರರಿದ್ದರು. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತ ಪ್ರಕರಣ. ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಮೈಸೂರಿನ ವಿಶೇಷ ನ್ಯಾಯಾಲಯ ಕೊಟ್ಟದ್ದು ಜೀವಾವಧಿ. ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಮೇಜಿನಿಂದ ಮೇಜಿಗೆ ಓಡಾಡಿ 2013ರಲ್ಲಿ ತಿರಸ್ಕೃತವಾಯಿತು. ಇನ್ನೇನು ಗಲ್ಲು ಎನ್ನುವಾಗ ತಡೆ ಬಂತು. 2014ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್, ಇಷ್ಟು ವಿಳಂಬ ಮಾಡಿದ ಮೇಲೆ ನೇಣು ಹಾಕುವುದು ಚಿತ್ರಹಿಂಸೆ ಎಂದು ಜೀವಾವಧಿಗೆ ಇಳಿಸಿತು. ಅಪರಾಧ ಬದಲಾಗಲಿಲ್ಲ, ಸಾಕ್ಷ್ಯ ಬದಲಾಗಲಿಲ್ಲ. ಒಂದೇ ಕೃತ್ಯಕ್ಕೆ ಜೀವ, ಸಾವು, ಮತ್ತೆ ಜೀವ. ಇದರಲ್ಲಿ ಯಾವ ಹಂತದಲ್ಲಿ ನಿಮ್ಮ ಬಸ್ ನಿಲ್ದಾಣದ ಗಂಬ ನೆಡಬೇಕಿತ್ತು?

ಇದಕ್ಕಿಂತ ಕಹಿಯಾದದ್ದೂ ಇದೆ. ಉತ್ತರ ಪ್ರದೇಶದ ಒಂದು ಕೊಲೆ ಪ್ರಕರಣದಲ್ಲಿ ಮೂವರಿಗೆ ಒಂದೇ ಬಗೆಯ ಪಾತ್ರಕ್ಕಾಗಿ ಗಲ್ಲು ಆಗಿತ್ತು. ಬೇರೆ ಬೇರೆ ಪೀಠಗಳ ಮುಂದೆ ಹೋದ ಕಾರಣ ಒಬ್ಬನಿಗೆ ಜೀವಾವಧಿಯಾಯಿತು, ಇನ್ನೊಬ್ಬನನ್ನು 1981ರಲ್ಲಿ ನೇಣಿಗೇರಿಸಿದರು, ಮೂರನೆಯವನ ಅರ್ಜಿ ವಿಚಾರಣೆಗೆ ಬಂದಾಗಲೇ ಈ ಅವ್ಯವಸ್ಥೆ ನ್ಯಾಯಾಲಯದ ಕಣ್ಣಿಗೆ ಬಿದ್ದದ್ದು. 1996ರ ಒಂದು ತೀರ್ಪಿನಲ್ಲಿ ಅಪರಾಧಿಯ ಪರಿಸ್ಥಿತಿ ನೋಡಬೇಕಿಲ್ಲ, ಅಪರಾಧ ನೋಡಿದರೆ ಸಾಕು ಎಂದು ಗಲ್ಲು ಖಾಯಂ ಆಗಿತ್ತು. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದು 2009ರಲ್ಲಿ. ಆ ಕೈದಿ ಸತ್ತು ಹದಿಮೂರು ವರ್ಷವಾಗಿತ್ತು. ಅದೇ 2009ರಲ್ಲಿ ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರಿಗೆ ಗಲ್ಲು ಎಂದಿದ್ದ ಕೋರ್ಟ್, 2019ರಲ್ಲಿ ಆರೂ ಜನ ನಿರಪರಾಧಿಗಳು ಎಂದು ಬಿಡುಗಡೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹದಿನಾರು ವರ್ಷ ಜೈಲಿನಲ್ಲಿದ್ದರು. ಅವರ ಪ್ರಕರಣವೂ ಕೊಲೆ ಮತ್ತು ಅತ್ಯಾಚಾರದ್ದೇ, ಅವರನ್ನೂ ಜನ ಹಾದಿಬೀದಿಯಲ್ಲಿ ನೇಣು ಹಾಕಬೇಕು ಎಂದೇ ಅಂದಿರುತ್ತಾರೆ.

ಯಾರು ಗಲ್ಲಿನ ಸಾಲಿನಲ್ಲಿರುತ್ತಾರೆ ಎಂಬುದಕ್ಕೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಒಂದು ವರದಿ ತಂದಿತು. ಕೈದಿಗಳನ್ನು ಜೈಲಿನಲ್ಲೇ ಮಾತಾಡಿಸಿ ಮಾಡಿದ ಕೆಲಸ. ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರು. ಕೆಳ ನ್ಯಾಯಾಲಯಗಳು 2000ದಿಂದ ಹದಿನೈದು ವರ್ಷಗಳಲ್ಲಿ ವಿಧಿಸಿದ ಗಲ್ಲುಗಳಲ್ಲಿ ಮೇಲಿನವರೆಗೆ ಉಳಿದು ಬಂದದ್ದು ನೂರಕ್ಕೆ ಐದೂ ಅಲ್ಲ. ಕೋರ್ಟಿನ ಕಟ್ಟೆಯ ಮೇಲೆ ಬದುಕು ಕಳೆದ ನನಗೆ ಈ ಅಂಕಿ ಆಶ್ಚರ್ಯ ತರಲಿಲ್ಲ. ಒಳ್ಳೆಯ ವಕೀಲನಿದ್ದರೆ ಗಲ್ಲಿನ ಪ್ರಕರಣ ಗಲ್ಲಿನ ಪ್ರಕರಣವಾಗಿ ಬೆಳೆಯುವುದೇ ಇಲ್ಲ. 1980ರ ಬಚನ್ ಸಿಂಗ್ ತೀರ್ಪು ಗಲ್ಲನ್ನು 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಸೀಮಿತಗೊಳಿಸಿತು. ಅಂದಿನಿಂದ ಆ ಮಾತನ್ನು ಪ್ರತಿ ನ್ಯಾಯಾಧೀಶರೂ ತಮ್ಮ ಕೈಯಳತೆಯಲ್ಲಿ ಅಳೆಯುತ್ತ ಬಂದಿದ್ದಾರೆ. 2015ರಲ್ಲಿ ಕಾನೂನು ಆಯೋಗವೇ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣ ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ತೆಗೆಯಿರಿ ಎಂದಿತು. ಸರ್ಕಾರ ಅದಕ್ಕೆ ವ್ಯತಿರಿಕ್ತವಾಗಿ 2018ರಲ್ಲಿ ಹನ್ನೆರಡು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಅತ್ಯಾಚಾರಕ್ಕೆ ಗಲ್ಲನ್ನು ಸೇರಿಸಿತು.

ಆ ಸೇರ್ಪಡೆಯ ಬಗ್ಗೆ ಒಂದು ಮಾತು, ಏಕೆಂದರೆ ನಿಮ್ಮ ಸಿಟ್ಟು ಮಕ್ಕಳ ಪರವಾದದ್ದು. ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಸಂತ್ರಸ್ತೆಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳು ವರ್ಷವರ್ಷವೂ ಹೇಳುತ್ತವೆ. ಚಿಕ್ಕಪ್ಪ, ಪಕ್ಕದ ಮನೆಯವನು, ಪಾಠ ಹೇಳುವವನು. 'ನೀನು ಬಾಯಿಬಿಟ್ಟರೆ ನಿನ್ನ ಮಾವನಿಗೆ ನೇಣು' ಎಂದು ಮನೆಯ ಹಿರಿಯರು ಹೇಳಿದರೆ ಎಂಟು ವರ್ಷದ ಮಗು ಬಾಯಿ ಬಿಡುವುದೇ? ದೂರು ಕೊಟ್ಟ ತಾಯಿ ಸಾಕ್ಷಿ ಹೇಳಲು ಬಂದು ತಿರುಗಿಬೀಳುವುದನ್ನು ನಾನು ಸರ್ಕಾರಿ ವಕೀಲನಾಗಿ ಕಣ್ಣಾರೆ ಕಂಡಿದ್ದೇನೆ. ಆಗ ಹತ್ತು ವರ್ಷದ ಶಿಕ್ಷೆಯ ಭಾರವೇ ಆ ಮನೆಗೆ ತಡೆಯಲಾರದಷ್ಟಿತ್ತು. ಇನ್ನು ಕೊಂದರೂ ನೇಣು, ಬಿಟ್ಟರೂ ನೇಣು ಎಂದಾದರೆ ಸಾಕ್ಷಿಯಾಗಬಲ್ಲ ಮಗುವನ್ನು ಅವನು ಬದುಕಿಸಿಯಾನೇ ಎಂದು ಕೇಳುವವರಿದ್ದಾರೆ, ಅವರ ಆತಂಕ ಹುಸಿಯಲ್ಲ. ಗಲ್ಲು ಕೊಲೆಯನ್ನು ತಡೆಯುತ್ತದೆಯೇ ಎಂದು ಅಮೆರಿಕದಲ್ಲಿ ದಶಕಗಟ್ಟಲೆ ಅಧ್ಯಯನ ಮಾಡಿದರು. 2012ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ, ಆ ಅಧ್ಯಯನಗಳಿಂದ ಹೌದು ಎಂದೂ ಇಲ್ಲ ಎಂದೂ ಹೇಳಲು ಬರುವುದಿಲ್ಲ, ನೀತಿ ರೂಪಿಸಲು ಅವನ್ನು ಬಳಸಬೇಡಿ ಎಂದಿತು.

ಮಗಳನ್ನು ಕಳೆದುಕೊಂಡ ತಂದೆತಾಯಿಗೆ ಈ ವಾದಗಳನ್ನು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಅವರು ಗಲ್ಲು ಕೇಳುತ್ತಾರೆ, ಕೇಳಲಿ. ಅದನ್ನು ಕೇಳುವ ಹಕ್ಕು ಅವರಿಗೆ ಇದೆ, ಅವರನ್ನು 'ಪ್ರತೀಕಾರದ ಮನೋಭಾವದವರು' ಎಂದು ಹೀಗಳೆಯುವ ಲೇಖನಗಳನ್ನು ಓದಿದರೆ ನನಗೆ ರೇಗುತ್ತದೆ. ಆದರೆ 2020ರ ಮಾರ್ಚ್ 20ರ ಬೆಳಗಿನ ಜಾವ ನಿರ್ಭಯಾ ಪ್ರಕರಣದ ನಾಲ್ವರನ್ನು ನೇಣಿಗೇರಿಸಿದಾಗ ತಿಹಾರ್ ಜೈಲಿನ ಹೊರಗೆ ಸೇರಿ ಸಿಹಿ ಹಂಚಿದ ಗುಂಪಿಗೆ ನಿರ್ಭಯಾಳ ತಾಯಿಯ ನೋವಿನ ರಶೀದಿ ಯಾರು ಕೊಟ್ಟರು? ನೊಂದವರ ಸಿಟ್ಟು ಬೇರೆ, ನೋಡುವವರ ಸುಖ ಬೇರೆ. ಎರಡನೆಯದು ಯಾವಾಗಲೂ ಮೊದಲನೆಯದರ ಸೆರಗಿನಲ್ಲಿ ಅವಿತು ಬರುತ್ತದೆ. ನಿಮ್ಮ ಮಗನ ಮೊಬೈಲಿಗೆ ಬಂದದ್ದೂ ಹಾಗೆಯೇ. 'ಅತ್ಯಾಚಾರಿಗಳಂತೆ' ಎಂಬ ಒಂದು ಮಾತು ಜೊತೆಗಿದ್ದರೆ ಸಾಯುವವನನ್ನು ನೋಡಲು ಪರವಾನಗಿ ಸಿಕ್ಕ ಹಾಗೆ. ಆ ಮನುಷ್ಯ ಯಾರು, ಏನು ಮಾಡಿದ, ವಿಚಾರಣೆ ನಡೆಯಿತೇ, ನಿಮ್ಮ ಮಗನಿಗೂ ಗೊತ್ತಿಲ್ಲ, ಕಳಿಸಿದವನಿಗೂ ಗೊತ್ತಿಲ್ಲ. ಇರಾನಿನಲ್ಲಿ ಕ್ರೇನಿಗೆ ತೂಗುವವರಲ್ಲಿ ಸರ್ಕಾರದ ವಿರುದ್ಧ ಬೀದಿಗಿಳಿದ ಹುಡುಗರೂ ಇದ್ದಾರೆ.

ಹೈದರಾಬಾದಿನ ಹತ್ತಿರ 2019ರ ಡಿಸೆಂಬರ್ 6ರಂದು ಅತ್ಯಾಚಾರ-ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂವಿನ ಪಕಳೆ ಚೆಲ್ಲಿದರು. ನಮ್ಮ ಜಿಲ್ಲೆಯಲ್ಲೂ ಅಂದು ಯಾರ ಫೋನ್ ತೆರೆದರೂ ಅದೇ ಹರ್ಷ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರನ್ನು ಕೊಲೆಗಾಗಿ ವಿಚಾರಣೆಗೆ ಒಳಪಡಿಸಬೇಕು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ಆಯೋಗ ಹೇಳಿತು. ಆ ವರದಿಯನ್ನು ಯಾರೂ ಯಾರಿಗೂ ಫಾರ್ವರ್ಡ್ ಮಾಡಲಿಲ್ಲ. ಆ ನಾಲ್ವರೇ ಆ ಕೆಲಸ ಮಾಡಿದವರೇ ಎಂಬುದನ್ನು ಯಾವ ನ್ಯಾಯಾಲಯವೂ ಇನ್ನು ತೀರ್ಮಾನಿಸಲಾಗದು, ಅದು ಆ ಹೆಣ್ಣುಮಗಳಿಗೂ ಆದ ಅನ್ಯಾಯ.

ಕೀಚಕನಿಗೆ ಬರೋಣ. ನೀವು ಎತ್ತಿದ ಪ್ರಶ್ನೆಗಳಲ್ಲಿ ನನಗೆ ಬಲು ಖುಷಿ ಕೊಟ್ಟದ್ದು ಇದು, ಏಕೆಂದರೆ ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ಕೋರ್ಟಿನಲ್ಲಿ ತೂಕಡಿಸಿದ ವಕೀಲರ ಪೈಕಿ ನಾನೂ ಒಬ್ಬ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದವರಿಗೆ ಗೊತ್ತು: ಜನ ಬಂದದ್ದು ವಧೆ ನೋಡಲು ಎಂಬುದೇ ಸುಳ್ಳು. ಸೈರಂಧ್ರಿಯನ್ನು ಕಂಡ ಕ್ಷಣದಿಂದ ಆ ಮೈಯಲ್ಲಿ ಏಳುವ ಅಲೆ, ಆ ಹೆಜ್ಜೆ, ಕಣ್ಣು, ಮಾತಿನ ಬಳುಕು. ವೇಷಧಾರಿ ಕೀಚಕನನ್ನು ನಮ್ಮೊಳಗೆ ತಂದು ಕೂರಿಸುತ್ತಾನೆ, ಆಮೇಲೆ ಭೀಮ ಬರುತ್ತಾನೆ. ಅಷ್ಟು ಹೊತ್ತಿಗೆ ಸಾಯುತ್ತಿರುವುದು ಹೊರಗಿನವನು ಎಂದು ಹೇಳುವ ಧೈರ್ಯ ಪ್ರೇಕ್ಷಕನಿಗೆ ಇರುವುದಿಲ್ಲ. ಯಕ್ಷಗಾನದಲ್ಲಿ ವಧೆಯಾಗುವವನಿಗೆ ಪದ್ಯವಿದೆ, ಅರ್ಥ ಹೇಳುವ, ಎಂದರೆ ತನ್ನ ಪಕ್ಷವನ್ನು ತಾನೇ ಮಾತಿನಲ್ಲಿ ಮಂಡಿಸುವ ಅವಕಾಶವಿದೆ. ಗದಾಯುದ್ಧದ ಕೌರವನಿಗಂತೂ ಮಾತಿನಲ್ಲಿ ಭೀಮನಿಗಿಂತ ಎತ್ತರದ ಆಸನ. ಕೆರೆಮನೆ ಶಿವರಾಮ ಹೆಗಡೆಯವರಿಗೆ ಹೆಸರು ತಂದ ಪಾತ್ರಗಳಲ್ಲಿ ಕೌರವನದ್ದೂ ಒಂದು. ನಿಮ್ಮ ಮಗ ನೋಡಿದ ವಿಡಿಯೋದಲ್ಲಿ ಅರ್ಥ ಹೇಳುವವರು ಯಾರಿದ್ದರು?

ಪ್ರಸಂಗದ ಮೂಲಕ್ಕೆ, ಮಹಾಭಾರತದ ವಿರಾಟಪರ್ವಕ್ಕೆ ಹೋದರೆ ಇನ್ನೂ ಸ್ವಾರಸ್ಯವಿದೆ. ದ್ರೌಪದಿ ಮೊದಲು ಓಡಿದ್ದು ಭೀಮನ ಬಳಿಗಲ್ಲ, ವಿರಾಟನ ಸಭೆಗೆ. ದೂರು ಕೊಡಲು ಬಂದವಳನ್ನು ಕೀಚಕ ರಾಜನೆದುರೇ ಒದೆಯುತ್ತಾನೆ. ರಾಜನ ಬಾಯಿ ಕಟ್ಟಿಹೋಗುತ್ತದೆ, ಏಕೆಂದರೆ ಕೀಚಕ ರಾಣಿಯ ತಮ್ಮ, ಸೇನೆಯ ಬಲ. ಆಮೇಲೆ ರಾತ್ರಿ ಅಡುಗೆಮನೆಯಲ್ಲಿ ಭೀಮ. ಅಂದರೆ ಆ ಕಥೆ ಸೋತ ನ್ಯಾಯಸಭೆಯ ಕಥೆ. ವಧೆಯಾದ ಮೇಲೆ ಏನಾಯಿತು? ಉಪಕೀಚಕರು ಅವಳನ್ನೇ ಹೆಣದ ಜೊತೆ ಸುಡಲು ಎಳೆದೊಯ್ದರು, ಭೀಮ ಅವರನ್ನೂ ಕೊಲ್ಲಬೇಕಾಯಿತು. ಅಷ್ಟು ಹೆಣ ಬಿದ್ದ ಮೇಲೆ ಹೆದರಿದ ವಿರಾಟ ರಾಣಿಯ ಮೂಲಕ ಸೈರಂಧ್ರಿಗೆ ಹೇಳಿ ಕಳಿಸಿದ ಮಾತೇನು ಗೊತ್ತೇ? ನೀನು ಈ ಊರು ಬಿಟ್ಟು ಹೋಗು ಎಂದು. ದೂರು ಕೊಟ್ಟವಳೇ ಊರು ಬಿಡಬೇಕು. ಕಾರವಾರದ ನ್ಯಾಯಾಲಯದಲ್ಲಿ ಎಷ್ಟು ಸಂತ್ರಸ್ತೆಯರ ವಿಳಾಸ ವಿಚಾರಣೆ ಮುಗಿಯುವುದರೊಳಗೆ ಬದಲಾಗುತ್ತದೆ ಎಂದು ನೋಡಿದವನಿಗೆ ಈ ಸಾಲು ಹಳೆಯದಲ್ಲ. ಆದ್ದರಿಂದ ಕೀಚಕವಧೆ ನೋಡಿ ಬಂದವನು ಭೀಮನನ್ನು ಹುಡುಕುವುದಕ್ಕಿಂತ ವಿರಾಟನ ಸಭೆಯನ್ನು ರಿಪೇರಿ ಮಾಡುವುದು ಲೇಸು.

ಶಿರಸಿಯ ಬೇಡರ ವೇಷವೆಂಬ ಬೀದಿ ಕುಣಿತವನ್ನೂ ಇಲ್ಲಿ ನೆನೆಯಬೇಕು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿಯ ಮುಂಚಿನ ರಾತ್ರಿಗಳಲ್ಲಿ ತಮಟೆ ಕೇಳಿಸುತ್ತದೆ. ವೇಷಧಾರಿಯ ಬೆನ್ನಿಗೆ ನವಿಲುಗರಿಯ ರಾಶಿ, ಮುಖಕ್ಕೆ ಕೆಂಪು, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ಅವನು ಗುಂಪಿನತ್ತ ನುಗ್ಗಿದರೆ ಮಕ್ಕಳು ಕಿರುಚಿ ಅಪ್ಪನ ಹಿಂದೆ ಅಡಗುತ್ತಾರೆ, ಮತ್ತೆ ಇಣುಕುತ್ತಾರೆ. ಐತಿಹ್ಯ ಹೇಳುವ ಪ್ರಕಾರ ಸೋಂದೆಯ ಅರಸರ ಕಾಲದಲ್ಲಿ ಊರು ಕಾಯಲು ನೇಮಿಸಿದ ಮಲ್ಲೇಶಿ ಎಂಬ ಬೇಡ ಹೆಣ್ಣುಮಕ್ಕಳ ಮೇಲೆ ಎರಗತೊಡಗಿದ. ವ್ಯಾಪಾರಿಯ ಮಗಳು ರುದ್ರಾಂಬಿಕೆ ಅವನನ್ನು ಮಣಿಸಲೆಂದೇ ಮದುವೆಯಾಗಿ, ಒಂದು ಹೋಳಿಯಂದು ಅವನ ಕಣ್ಣು ಕೆಡಿಸಿದಳು. ಜನ ಹಿಡಿದು ಜೀವಂತ ಸುಟ್ಟರು, ಅವಳೂ ಆ ಬೆಂಕಿಯಲ್ಲೇ ಹೋದಳು. ಹೆಣ್ಣುಮಕ್ಕಳನ್ನು ಕಾಡಿದವನು, ಗುಂಪು ವಿಧಿಸಿದ ಸಾವು, ಎಲ್ಲವೂ ನಿಮ್ಮ ಪತ್ರದಲ್ಲಿರುವಂತೆಯೇ ಇದೆ. ಆದರೆ ಊರು ಆ ನೆನಪನ್ನು ಇಟ್ಟುಕೊಂಡ ಬಗೆ ನೋಡಿ. ಬೀದಿಯಲ್ಲಿ ಅವನು ಕುಣಿಯುತ್ತಾನೆ, ಊರಿನ ಕೈಯಲ್ಲಿ ಹಗ್ಗವಿದೆ. ಸುಡುವುದನ್ನು ಯಾರೂ ಆಡಿ ತೋರಿಸುವುದಿಲ್ಲ. ತಾನು ಮಾಡಿದ್ದನ್ನು ನೋಡಿ ಸುಖಪಡಬಾರದು ಎಂದು ಆ ಊರಿಗೆ ಯಾರೋ ಎಂದೋ ಹೇಳಿರಬೇಕು ಎಂದು ನನಗೆ ಅನ್ನಿಸಿದ್ದಿದೆ. ಇದು ನನ್ನ ಊಹೆ, ಜಾನಪದ ತಜ್ಞರು ಒಪ್ಪಬೇಕೆಂದಿಲ್ಲ.

ಊಹೆಯಲ್ಲದ್ದೂ ಒಂದಿದೆ. ಅದೇ ಶಿರಸಿಯ ಮಾರಿಜಾತ್ರೆಯಲ್ಲಿ ಹಿಂದೆ ಕೋಣ ಬಲಿ ಇತ್ತು, ಜನಸಾಗರದ ಎದುರು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಬಲಿ ನಡೆಯುವ ಗುಡಿಗೆ ಬರಲಾರೆ ಎಂದರು. ಆ ದಶಕದಲ್ಲೇ ಬಲಿ ನಿಂತಿತು. ಬಲಿ ಹೋದರೆ ಜಾತ್ರೆ ಕಳೆಗುಂದುತ್ತದೆ, ದೇವಿ ಮುನಿಯುತ್ತಾಳೆ ಎಂದವರು ಆಗಲೂ ಇದ್ದರಂತೆ. ಈಗ ಜಾತ್ರೆಯ ದಿನ ಬಿಡಕಿಬಯಲಿಗೆ ಕಾಲಿಡಲು ಜಾಗ ಹುಡುಕಿ, ಆಗ ಮಾತಾಡೋಣ. ಕರಾವಳಿಯ ಕೋಳಿ ಅಂಕ ಮಾತ್ರ ಕಾನೂನಿಗೆ ಕಣ್ಣು ಮಿಟುಕಿಸುತ್ತ ಇನ್ನೂ ನಡೆದೇ ಇದೆ, ಆ ಮಾತು ಬೇರೆ.

ಮಗನ ವಿಷಯ. ಬೈದದ್ದಾಯಿತು, ಮೊಬೈಲ್ ಕಿತ್ತುಕೊಂಡು ಪ್ರಯೋಜನವಿಲ್ಲ, ಗೆಳೆಯನ ಮೊಬೈಲ್ ಇದ್ದೇ ಇರುತ್ತದೆ. ಆ ವಯಸ್ಸಿನಲ್ಲಿ ಸಾವಿನ ಬಗ್ಗೆ ಕುತೂಹಲ ಸಹಜ, ಅದನ್ನು ವಿಕೃತಿ ಎಂದು ಕರೆದು ಅವನನ್ನು ನಾಚಿಸಬೇಡಿ. ಅವನಿಗೆ ನ್ಯಾಯದ ಬಗ್ಗೆ ಸಿಟ್ಟಿದೆ, ಅದು ಒಳ್ಳೆಯದೇ. ಅವನ ವಾದಕ್ಕೆ ಎದುರುವಾದ ಕೊಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡದಲ್ಲಿದ್ದ ಹೈದರಾಬಾದಿನ ಯುವಕನನ್ನು ಮಕ್ಕಳ ಕಳ್ಳ ಎಂದು ಜನ ಬಡಿದು ಕೊಂದದ್ದನ್ನು ಹೇಳಿ. ಅಲ್ಲಿ ಬಡಿದವರೂ ಮಕ್ಕಳ ಪರವಾಗಿಯೇ ಬಡಿದದ್ದು. ವಾಟ್ಸ್ಆ್ಯಪ್ ವದಂತಿ ನಂಬಿದ್ದರು, ಬಡಿಯುವುದನ್ನು ಮೊಬೈಲಿನಲ್ಲಿ ಹಿಡಿದವರೂ ಇದ್ದರು.

ಸಾಧ್ಯವಾದರೆ ರಜೆಯಲ್ಲಿ ಒಂದು ದಿನ ಅವನನ್ನು ಕಾರವಾರದ ಜಿಲ್ಲಾ ನ್ಯಾಯಾಲಯಕ್ಕೆ ಕರೆದುಕೊಂಡು ಬನ್ನಿ. ಕಡಲತೀರಕ್ಕೆ ಟ್ಯಾಗೋರರ ಹೆಸರಿದೆ ಎಂದು ಎಲ್ಲರಿಗೂ ಗೊತ್ತು. ತಮ್ಮ ರವೀಂದ್ರರು 1880ರ ದಶಕದಲ್ಲಿ ಇಲ್ಲಿಗೆ ಬಂದದ್ದು ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬ ಕಾರಣಕ್ಕೆ ಎಂಬುದು ಕಡಿಮೆ ಜನರಿಗೆ ಗೊತ್ತು. ಅತ್ಯಾಚಾರದ ವಿಚಾರಣೆಗಳು ಮುಚ್ಚಿದ ಬಾಗಿಲಿನಲ್ಲಿ ನಡೆಯುತ್ತವೆ, ಉಳಿದವು ಬಹುಪಾಲು ತೆರೆದ ನ್ಯಾಯಾಲಯಗಳು. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು ನೋಡಬಹುದು. ಶಿಕ್ಷೆಯ ಪ್ರಮಾಣದ ವಿಚಾರಣೆ ಇರುವ ದಿನವಾದರೆ ಒಳ್ಳೆಯದು. ಅಪರಾಧ ಸಾಬೀತಾಗಿದೆ ಎಂದ ಮೇಲೆ ನ್ಯಾಯಾಧೀಶರು ಕಟಕಟೆಯತ್ತ ತಿರುಗಿ, ಶಿಕ್ಷೆಯ ಬಗ್ಗೆ ನೀನು ಹೇಳುವುದೇನಾದರೂ ಇದೆಯೇ ಎಂದು ಕೇಳುತ್ತಾರೆ. ಹೀಗೆ ಕೇಳುವುದು ಕಾನೂನಿನ ಕಡ್ಡಾಯ. ಹೆಚ್ಚಿನವರು ತಲೆ ತಗ್ಗಿಸಿ 'ಮನೆಯಲ್ಲಿ ತಾಯಿಯೊಬ್ಬಳೇ' ಎಂದೋ 'ಚಿಕ್ಕ ಮಕ್ಕಳಿದ್ದಾರೆ ಸ್ವಾಮಿ' ಎಂದೋ ಹೇಳುತ್ತಾರೆ. ಅದೇ ಕೊಠಡಿಯ ಬಾಗಿಲ ಬಳಿ ಸತ್ತವನ ಹೆಂಡತಿಯೂ ನಿಂತಿರುತ್ತಾಳೆ. ಬೆಂಚ್ ಗುಮಾಸ್ತ ಬೆರಳಚ್ಚು ಮಾಡುತ್ತಿರುತ್ತಾನೆ, ಮುಂದಿನ ಪ್ರಕರಣದ ಹೆಸರು ಕೂಗುತ್ತಾರೆ. ವಿಡಿಯೋಕ್ಕೆ ಹೋಲಿಸಿದರೆ ಅವನಿಗೆ ಬೇಸರ ಬರಬಹುದು. ಬರಲಿ.

ಇನ್ನು ನಿಮ್ಮ ಸಿಟ್ಟಿಗೂ ಒಂದು ಕೆಲಸವಿದೆ. ಅಪರಾಧಿ ಸಿಗಲಿ ಬಿಡಲಿ, ಶಿಕ್ಷೆಯಾಗಲಿ ಬಿಡಲಿ, ಸಂತ್ರಸ್ತರಿಗೆ ಸರ್ಕಾರದಿಂದ ಪರಿಹಾರ ಕೊಡಿಸುವ ಯೋಜನೆ ಕರ್ನಾಟಕದಲ್ಲಿ ಇದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಅದರ ಕಚೇರಿ ಕಾರವಾರದಲ್ಲಿದೆ, ಮಧ್ಯಂತರ ಪರಿಹಾರಕ್ಕೂ ಅವಕಾಶವಿದೆ, ಶುಲ್ಕವಿಲ್ಲ. ನಿಮ್ಮ ಕೇರಿಯಲ್ಲಿ ಅಂಥ ಮನೆಯೊಂದಿದ್ದರೆ ಅವರಿಗೆ ಈ ವಿಷಯ ಗೊತ್ತಿರುವ ಸಾಧ್ಯತೆ ಕಡಿಮೆ. ಅರ್ಜಿ ಬರೆದುಕೊಡುವವರೂ ಜೊತೆಗೆ ಬಸ್ ಹತ್ತಿ ಬರುವವರೂ ಬೇಕು. ಸಾಕ್ಷಿ ಹೇಳುವ ದಿನ ಆ ತಾಯಿಯ ಪಕ್ಕದಲ್ಲಿ ಊರಿನವರು ಇಬ್ಬರು ಕುಳಿತಿದ್ದರೆ ಅವಳು ತಿರುಗಿಬೀಳುವುದು ಕಡಿಮೆ. ಇದನ್ನು ಸರ್ಕಾರಿ ವಕೀಲನಾಗಿದ್ದವನ ಅನುಭವವೆಂದೇ ತಿಳಿಯಿರಿ.